ಸೆಲ್ಫ್ ತಿರುಗುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಾಸನ, ಚಿಕ್ಕಮಗಳೂರು ಕಡೆಯಿಂದ ಬರುವ ಪತ್ರಗಳಲ್ಲಿ ಮಳೆಗಾಲವಿರಲಿ, ಚಳಿಗಾಲವಿರಲಿ, ಈ ದೂರು ತಪ್ಪುವುದಿಲ್ಲ: ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಈ ಸಲದ ಪುಟ ಪೂರ್ತಿ ಇದಕ್ಕೇ ಮೀಸಲು.

ಪ್ರಶ್ನೆ: ಎಂಟು ವರ್ಷದ ಪೆಟ್ರೋಲ್ ಕಾರು. ಜಡಿಮಳೆಯಲ್ಲಿ ಮೂರು ವಾರ ಶೆಡ್ಡಿನಲ್ಲೇ ನಿಂತಿತ್ತು. ಈಗ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಸ್ಟಾರ್ಟ್ ಆಗುತ್ತಿಲ್ಲ. ಗ್ಯಾರೇಜಿನವರ ಮಾತು ಕೇಳಿ ಬ್ಯಾಟರಿ ಬದಲಿಸಿದೆ, ಪ್ಲಗ್ ಬದಲಿಸಿದೆ. ಈಗ ಪೆಟ್ರೋಲ್ ಪಂಪ್ ಹೋಗಿದೆ ಎನ್ನುತ್ತಿದ್ದಾರೆ. ಪಂಪ್ ತರಿಸುವ ಮೊದಲು ನಾನೇ ಏನಾದರೂ ನೋಡಬಹುದೇ?
ಓದುಗರು, ಮೂಡಿಗೆರೆ

ಉತ್ತರ: ನೋಡಲೇಬೇಕು. ಪಂಪ್ ತರಿಸುವುದನ್ನು ಸದ್ಯಕ್ಕೆ ನಿಲ್ಲಿಸಿ. ಸೆಲ್ಫ್ ಚುರುಕಾಗಿ ತಿರುಗುವ ಗಾಡಿಗೆ ಬ್ಯಾಟರಿ ಬದಲಿಸಿದ್ದೇ ಅನವಶ್ಯಕ ಖರ್ಚು. ಪೆಟ್ರೋಲ್ ಎಂಜಿನ್‌ಗೆ ಬೇಕಾದದ್ದು ಮೂರೇ: ಸರಿಯಾದ ಅಳತೆಯ ಪೆಟ್ರೋಲ್, ಸರಿಯಾದ ಗಳಿಗೆಗೆ ಕಿಡಿ, ಸಿಲಿಂಡರಿನೊಳಗೆ ಕಂಪ್ರೆಷನ್, ಅಂದರೆ ಪಿಸ್ಟನ್ ಒತ್ತಿದಾಗ ಏಳುವ ಒತ್ತಡ. ಇವುಗಳಲ್ಲಿ ಯಾವುದು ಇಲ್ಲ ಎಂದು ಗೊತ್ತಾಗುವವರೆಗೆ ಯಾವ ಬಿಡಿಭಾಗವನ್ನೂ ಕೊಳ್ಳಬೇಡಿ. ಅದನ್ನು ತಿಳಿಯಲು ಕಣ್ಣು, ಕಿವಿ, ಮೂಗು ಮತ್ತು ಒಂದು ಸಾಧಾರಣ ಮಲ್ಟಿಮೀಟರ್ ಸಾಕು.

ಮೊದಲು ಬ್ಯಾಟರಿಯ ವಿಷಯ ಮುಗಿಸಿಬಿಡೋಣ. ಗಾಡಿ ನಿಂತಿರುವಾಗ ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಇನ್ನೊಬ್ಬರು ಬ್ಯಾಟರಿ ಟರ್ಮಿನಲ್‌ಗಳ ಮೇಲೆ ಮೀಟರ್ ಹಿಡಿಯಿರಿ. 9.6ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಸೆಲ್ಫ್ ಹೇಗೋ ತಿರುಗುತ್ತದೆ, ಆದರೆ ಎಂಜಿನ್ ಕಂಪ್ಯೂಟರ್‌ಗೆ ಅಂದರೆ ಇಸಿಯುಗೆ ವಿದ್ಯುತ್ ಸಾಲದೆ ಕಿಡಿಯೂ ಬರುವುದಿಲ್ಲ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರೂ ತೆರೆಯುವುದಿಲ್ಲ. ಹೊಸ ಬ್ಯಾಟರಿ ಇದ್ದೂ ಇಳಿಯುತ್ತಿದ್ದರೆ ಟರ್ಮಿನಲ್ ಸಡಿಲವೇ, ಎಂಜಿನ್‌ಗೂ ಬಾಡಿಗೂ ಇರುವ ಅರ್ಥ್ ಪಟ್ಟಿ ತುಕ್ಕು ಹಿಡಿದಿದೆಯೇ ನೋಡಿ. ಮಲೆನಾಡಿನ ತೇವಕ್ಕೆ ಮೊದಲು ಹಾಳಾಗುವುದು ಈ ಅರ್ಥ್ ಬೋಲ್ಟುಗಳೇ.

ಈಗ ಕೀಯನ್ನು ಆನ್ ಸ್ಥಾನಕ್ಕೆ ಮಾತ್ರ ತಿರುಗಿಸಿ, ಸೆಲ್ಫ್ ಹೊಡೆಯಬೇಡಿ. ಮೀಟರ್ ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿತೇ? ಹೊತ್ತದಿದ್ದರೆ ಇಸಿಯುಗೆ ಕರೆಂಟೇ ಹೋಗುತ್ತಿಲ್ಲ. ಮೇನ್ ರಿಲೇ (ಕರೆಂಟ್ ಹಾಯಿಸುವ ವಿದ್ಯುತ್ ಸ್ವಿಚ್) ಮತ್ತು ಇಸಿಯು ಫ್ಯೂಸ್ ನೋಡಿ, ಉಳಿದದ್ದು ಆಮೇಲೆ. ಹೊತ್ತಿದರೆ, ಸದ್ದಿಲ್ಲದ ಜಾಗದಲ್ಲಿ ಹಿಂದಿನ ಸೀಟಿನ ಹತ್ತಿರ ಕಿವಿ ಇಟ್ಟು ಮತ್ತೆ ಕೀ ಆನ್ ಮಾಡಿಸಿ. ಟ್ಯಾಂಕಿನೊಳಗಿನ ಪಂಪ್ ಎರಡು ಮೂರು ಸೆಕೆಂಡು ‘ಗುಂಯ್’ ಎಂದು ಓಡಿ ನಿಲ್ಲಬೇಕು. ಕೆಲವು ಕಾರುಗಳಲ್ಲಿ ಬಾಗಿಲು ತೆರೆದ ಕ್ಷಣದಲ್ಲೇ ಇದು ಆಗಿಹೋಗುತ್ತದೆ, ಹಾಗಾಗಿ ಆಗಲೂ ಕಿವಿಗೊಡಿ.

ಸದ್ದು ಇಲ್ಲ ಎಂದಾಕ್ಷಣ ಪಂಪ್ ಸತ್ತಿದೆ ಎನ್ನುವ ಹಾಗಿಲ್ಲ. ಪಂಪಿನ ಫ್ಯೂಸ್ ತೆಗೆದು ನೋಡಿ. ಕಣ್ಣಿಗೆ ಸರಿಯಿದೆ ಎನಿಸಿದರೂ ಮೀಟರಿನಲ್ಲಿ ಪರೀಕ್ಷಿಸಿ, ಕೂದಲೆಳೆಯ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ರಿಲೇ. ಹೆಚ್ಚಿನ ಕಾರುಗಳಲ್ಲಿ ಹಾರ್ನ್ ರಿಲೇಯೋ ಫ್ಯಾನ್ ರಿಲೇಯೋ ಅದೇ ನಂಬರಿನದು ಇರುತ್ತದೆ. ಮೇಲಿನ ನಂಬರ್ ತಾಳೆ ನೋಡಿ ಅದಲುಬದಲು ಮಾಡಿ. ಹಾರ್ನ್ ನಿಂತು ಗಾಡಿ ಸ್ಟಾರ್ಟ್ ಆದರೆ ಉತ್ತರ ಸಿಕ್ಕಂತೆ. ಅಷ್ಟಕ್ಕೂ ಸದ್ದು ಬರದಿದ್ದರೆ ಹಿಂದಿನ ಸೀಟು ಎತ್ತಿ, ಪಂಪಿನ ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿದ ಆ ಎರಡು ಸೆಕೆಂಡಿನಲ್ಲಿ 12 ವೋಲ್ಟ್ ಬರುತ್ತಿದೆಯೇ ಅಳೆಯಿರಿ. ಬರುತ್ತಿದ್ದು, ಅರ್ಥ್ ವೈರೂ ಸರಿಯಿದ್ದು, ಪಂಪ್ ಓಡದಿದ್ದರೆ ಮಾತ್ರ ಪಂಪ್ ತರಿಸಿ. ಬರದಿದ್ದರೆ ತಪ್ಪು ವೈರಿಂಗಿನಲ್ಲಿದೆ, ಹೊಸ ಪಂಪೂ ಓಡುವುದಿಲ್ಲ. ಒಂದು ಮಾತು: ಸವೆದ ಪಂಪ್ ಕೆಲವೊಮ್ಮೆ ಟ್ಯಾಂಕಿನ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಎದ್ದು ಓಡುತ್ತದೆ. ಅದು ಊರು ಮುಟ್ಟಲು ಒದಗುವ ಉಪಾಯ ಅಷ್ಟೆ, ಆ ಪಂಪನ್ನು ಮತ್ತೆ ನಂಬಬೇಡಿ.

ಪಂಪ್ ಓಡುತ್ತಿದೆ ಎಂದರೂ ಪ್ರೆಷರ್ ಇದೆ ಎಂದಲ್ಲ. ಈಗಿನ ಎಂಪಿಎಫ್ಐ, ಅಂದರೆ ಇಂಜೆಕ್ಟರುಗಳಿಂದ ಪೆಟ್ರೋಲ್ ಸಿಂಪಡಿಸುವ ಕಾರುಗಳಿಗೆ ಸಾಮಾನ್ಯವಾಗಿ 3ರಿಂದ 4 ಬಾರ್ ಬೇಕು. ಗೇಜ್ ಇಲ್ಲದವರಿಗೆ ಪ್ಲಗ್ಗೇ ಗೇಜ್. ಹತ್ತು ಸೆಕೆಂಡು ಸೆಲ್ಫ್ ಹೊಡೆದ ಮೇಲೆ ಪ್ಲಗ್ ಬಿಚ್ಚಿ ತುದಿ ನೋಡಿ. ಒಣಗಿದ್ದರೆ ಪೆಟ್ರೋಲ್ ಸಿಲಿಂಡರಿಗೆ ತಲುಪಿಲ್ಲ. ಒದ್ದೆಯಾಗಿ ಪೆಟ್ರೋಲ್ ನಾರುತ್ತಿದ್ದರೆ ಪೆಟ್ರೋಲ್ ಬಂದಿದೆ, ಕಿಡಿಯೇ ಇಲ್ಲ ಅಥವಾ ಪೆಟ್ರೋಲ್ ಅತಿಯಾಗಿದೆ. ಇದೊಂದು ನೋಟದಲ್ಲಿ ಅರ್ಧ ಕೆಲಸ ಮುಗಿಯುತ್ತದೆ, ಆದರೂ ಇದನ್ನು ಮಾಡದೆ ಪ್ಲಗ್ ಬದಲಿಸಿ ಹಳೆಯದನ್ನು ಎಸೆದುಬಿಡುವವರೇ ಹೆಚ್ಚು. ನಿಮ್ಮ ಹಳೆಯ ಪ್ಲಗ್ ಒದ್ದೆಯಿತ್ತೇ, ಒಣಗಿತ್ತೇ ಎಂದು ಗ್ಯಾರೇಜಿನವರನ್ನು ಕೇಳಿ ನೋಡಿ.

ಪ್ಲಗ್ ಬಿಚ್ಚುವ ಮುಂಚೆ ಅದರ ಗುಂಡಿಯಲ್ಲಿ ನೀರು, ಮಣ್ಣು ಕೂತಿದ್ದರೆ ಗಾಳಿ ಊದಿ ತೆಗೆಯಿರಿ, ಇಲ್ಲವಾದರೆ ಅದು ಸಿಲಿಂಡರಿಗೆ ಬೀಳುತ್ತದೆ. ಮೂರು ವಾರದ ಮಳೆಯಲ್ಲಿ ಈ ಗುಂಡಿಯಲ್ಲಿ ತೇವ ಕೂತು, ಕಿಡಿ ಪ್ಲಗ್ ತುದಿಗೆ ಹೋಗದೆ ಪಕ್ಕದಲ್ಲೇ ಲೋಹಕ್ಕೆ ಹಾರಿಹೋಗುವುದು ಸಾಮಾನ್ಯ. ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್‌ನ ರಬ್ಬರ್ ತೋಳಿನ ಮೇಲೆ ಬೂದು ಗೆರೆ ಕಂಡರೆ ಅದೇ ಗುರುತು. ಒಣಬಟ್ಟೆಯಲ್ಲಿ ಒರೆಸಿ, ಬಿಸಿಲಿಲ್ಲದಿದ್ದರೆ ಕೂದಲು ಒಣಗಿಸುವ ಡ್ರೈಯರ್ ಹಿಡಿಯಿರಿ. ಪ್ಲಗ್ ತುದಿಯ ಗ್ಯಾಪ್ ಮಾದರಿಗೆ ತಕ್ಕಂತೆ 0.8ರಿಂದ 1.1 ಮಿಲಿಮೀಟರ್ ಇರುತ್ತದೆ, ಕೈಪಿಡಿಯಲ್ಲಿರುವುದೇ ಲೆಕ್ಕ. ಹೊಸ ಪ್ಲಗ್ಗನ್ನು ಕೈಯಲ್ಲೇ ಕೊನೆಯವರೆಗೆ ತಿರುಗಿಸಿ, ವಾಷರ್ ಕೂತ ಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತಿನಿಂದ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಹಳೆಯದನ್ನೇ ಮತ್ತೆ ಹಾಕುವುದಾದರೆ ಹನ್ನೆರಡನೇ ಒಂದು ಸುತ್ತು, ಗಡಿಯಾರದ ಮುಳ್ಳು ಒಂದು ಗಂಟೆ ಸರಿದಷ್ಟು.

ಕಿಡಿ ನೋಡಲು ಪ್ಲಗ್ಗನ್ನು ಕೈಯಲ್ಲಿ ಹಿಡಿಯಬೇಡಿ. ಅಲ್ಲಿ ಬರುವುದು ಹತ್ತಾರು ಸಾವಿರ ವೋಲ್ಟ್. ಕಡಿಮೆ ಬೆಲೆಗೆ ಸ್ಪಾರ್ಕ್ ಟೆಸ್ಟರ್ ಸಿಗುತ್ತದೆ, ಅದನ್ನು ಕಾಯಿಲ್‌ಗೂ ಪ್ಲಗ್‌ಗೂ ನಡುವೆ ಸಿಕ್ಕಿಸಿ. ಅದಕ್ಕೆ ಮುಂಚೆ ಪಂಪಿನ ಫ್ಯೂಸ್ ತೆಗೆದಿಡಿ, ಇಂಜೆಕ್ಟರ್ ಕನೆಕ್ಟರುಗಳನ್ನೂ ಬಿಚ್ಚಿ. ತೆರೆದ ಪ್ಲಗ್ ಗುಂಡಿಯಿಂದ ಪೆಟ್ರೋಲ್ ಹಬೆ ಚಿಮ್ಮುವಾಗ ಪಕ್ಕದಲ್ಲೇ ಕಿಡಿ ಹಾರಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ನಿಮ್ಮ ಊರಿನ ಗಾಡಿ ಮೂರು ವಾರ ನಿಂತಿತ್ತು ಎಂದರೆ ನಾವು ಮೊದಲು ಅನುಮಾನ ಪಡುವುದು ಇಲಿಯನ್ನು. ಜಡಿಮಳೆಯಲ್ಲಿ ಅವು ಬೆಚ್ಚಗಿನ ಜಾಗ ಹುಡುಕಿ ಬಾನೆಟ್ಟಿನೊಳಗೆ ಸೇರಿ ಇಂಜೆಕ್ಟರ್ ವೈರು, ಸೆನ್ಸರ್ ವೈರು, ಕೆಲವೊಮ್ಮೆ ಪೆಟ್ರೋಲ್ ಹೋಸನ್ನೇ ಕಡಿಯುತ್ತವೆ. ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಿ, ಒಳಗೆ ಹುಲ್ಲು, ಅಡಿಕೆ ಸಿಪ್ಪೆ, ಹಿಕ್ಕೆ ಕಂಡರೆ ಅನುಮಾನ ನಿಜವಾದಂತೆ. ಆಮೇಲೆ ಟಾರ್ಚ್ ಹಿಡಿದು ವೈರ್ ಕಟ್ಟನ್ನು ಉದ್ದಕ್ಕೂ, ಅದರಲ್ಲೂ ಎಂಜಿನ್ ಹಿಂಬದಿಯ ಕತ್ತಲ ಜಾಗದಲ್ಲಿ ಬೆರಳಾಡಿಸುತ್ತ ಹೋಗಿ. ಪೆಟ್ರೋಲ್ ವಾಸನೆ ಬಂದರೆ ಸೆಲ್ಫ್ ಮುಟ್ಟಬೇಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ ಹೋಸ್ ಹುಡುಕಿ. ತುಂಡಾದ ವೈರನ್ನು ಹುರಿಮಾಡಿ ಟೇಪ್ ಸುತ್ತಿದರೆ ಮುಂದಿನ ಮಳೆಗೆ ಮತ್ತೆ ಇದೇ ಕಥೆ. ಬೆಸುಗೆ ಹಾಕಿಸಿ, ಮೇಲೆ ಹೀಟ್ ಶ್ರಿಂಕ್ ಕೊಳವೆ ಹಾಕಿಸಿ.

ಪೆಟ್ರೋಲ್ ಹಳತಾಯಿತೇ ಎಂದು ಕೇಳಬಹುದು. ಮೂರು ವಾರಕ್ಕೆ ಹಾಗಾಗುವುದಿಲ್ಲ. ನಾಲ್ಕೈದು ತಿಂಗಳು ನಿಲ್ಲಿಸಿದ್ದರೆ ಯೋಚಿಸಬೇಕು. ಈಗ ಬರುವ ಇ20 ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇದೆ. ಎಥನಾಲ್ ನೀರನ್ನು ಸೆಳೆಯುತ್ತದೆ, ನೀರು ಮಿತಿ ಮೀರಿದರೆ ಎಥನಾಲನ್ನೂ ಕರೆದುಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪಂಪ್ ಹೀರುವುದು ಆ ತಳದಿಂದಲೇ. ಅನುಮಾನವಿದ್ದರೆ ಗಾಜಿನ ಬಾಟಲಿಗೆ ಸ್ವಲ್ಪ ತೆಗೆದು ಅರ್ಧ ಗಂಟೆ ಬಿಡಿ. ಎರಡು ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸದೆ ದಾರಿಯಿಲ್ಲ.

ಪ್ರಶ್ನೆ: ಕಣದಲ್ಲಿ ಕಾಫಿ ಹರವಲು ಜಾಗ ಬೇಕಿತ್ತು. ಬೆಳಿಗ್ಗೆ ಚಳಿಯಲ್ಲಿ ಕಾರು ಸ್ಟಾರ್ಟ್ ಮಾಡಿ ಹತ್ತು ಮಾರು ಸರಿಸಿ ಆಫ್ ಮಾಡಿದೆ. ಮಧ್ಯಾಹ್ನ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗಲಿಲ್ಲ. ಪೆಟ್ರೋಲ್ ಗಾಡಿ, ಅದುವರೆಗೆ ಯಾವ ತೊಂದರೆಯೂ ಇರಲಿಲ್ಲ.
ಓದುಗರು, ಆಲ್ದೂರು

ಉತ್ತರ: ನಿಮ್ಮ ಗಾಡಿ ಕೆಟ್ಟಿಲ್ಲ, ಪ್ಲಗ್ ನೆನೆದಿವೆ. ತಣ್ಣಗಿನ ಎಂಜಿನ್‌ಗೆ ಇಸಿಯು ಹೆಚ್ಚು ಪೆಟ್ರೋಲ್ ಬಿಡುತ್ತದೆ. ಅದು ಉರಿದು ಎಂಜಿನ್ ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಉಳಿದ ಪೆಟ್ರೋಲ್ ಪ್ಲಗ್ಗಿನ ಮೇಲೆ, ಸಿಲಿಂಡರ್ ಗೋಡೆಯ ಮೇಲೆ ಕೂರುತ್ತದೆ. ಗೋಡೆಯ ಆಯಿಲ್ ತೊಳೆದುಹೋಗಿ ಕಂಪ್ರೆಷನ್ ಕೂಡ ಸ್ವಲ್ಪ ಇಳಿಯುತ್ತದೆ. ಮೇಲಿಂದ ಮೇಲೆ ಸೆಲ್ಫ್ ಹೊಡೆದಷ್ಟೂ ಇನ್ನಷ್ಟು ಪೆಟ್ರೋಲ್ ಸೇರುತ್ತದೆ.

ಆಕ್ಸಿಲರೇಟರನ್ನು ಪೂರ್ತಿ ನೆಲಕ್ಕೆ ಒತ್ತಿ ಹಿಡಿದು, ಪಂಪ್ ಮಾಡದೆ, ಐದರಿಂದ ಹತ್ತು ಸೆಕೆಂಡು ಸೆಲ್ಫ್ ಹೊಡೆಯಿರಿ. ಬಹುಪಾಲು ಎಂಪಿಎಫ್ಐ ಕಾರುಗಳಲ್ಲಿ ಪೆಡಲ್ ಪೂರ್ತಿ ಒತ್ತಿದ್ದಾಗ ಸೆಲ್ಫ್ ಹೊಡೆದರೆ ಇಸಿಯು ಇಂಜೆಕ್ಟರುಗಳನ್ನು ಮುಚ್ಚಿಬಿಡುತ್ತದೆ, ಗಾಳಿ ಮಾತ್ರ ಹೋಗಿ ಒಳಗೆ ಒಣಗುತ್ತದೆ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಮಾಡಿ. ಎಂಜಿನ್ ತಡವರಿಸಿ ಎದ್ದೊಡನೆ ಪೆಡಲ್ ಮೆಲ್ಲಗೆ ಬಿಡಿ. ಮೂರು ಸಲಕ್ಕೂ ಆಗದಿದ್ದರೆ ಪ್ಲಗ್ ಬಿಚ್ಚಿ ಒಣಗಿಸಿ ಹಾಕಬೇಕು. ಇನ್ನು ಮುಂದೆ ಕಣದಿಂದ ಸರಿಸುವುದಿದ್ದರೆ ಟೆಂಪರೇಚರ್ ಮುಳ್ಳು ಸ್ವಲ್ಪವಾದರೂ ಏಳುವವರೆಗೆ ಎಂಜಿನ್ ಓಡಲು ಬಿಡಿ. ಇಲ್ಲವೇ ನ್ಯೂಟ್ರಲ್ ಹಾಕಿ ತಳ್ಳಿಸಿ, ಹತ್ತು ಮಾರಿಗೆ ಅದೇ ಒಳ್ಳೆಯದು.

ಸರಿಸದೆ ಇದ್ದಾಗಲೂ ಹೀಗೆ ಪದೇ ಪದೇ ಪ್ಲಗ್ ನೆನೆಯುತ್ತಿದ್ದರೆ ಸ್ಕ್ಯಾನರ್ ಹಾಕಿಸಿ ಕೂಲಂಟ್ ಸೆನ್ಸರ್ ಎಷ್ಟು ಡಿಗ್ರಿ ತೋರಿಸುತ್ತಿದೆ ನೋಡಿ. ಅದರ ವೈರ್ ಕಡಿದಿದ್ದರೆ ಮೈನಸ್ 40 ಎಂದು ತೋರಿಸುತ್ತದೆ. ಕೆಲವು ಇಸಿಯುಗಳು ಅದನ್ನು ನಂಬಿ ಹಿಮದ ನಾಡಿಗೆ ಬೇಕಾದಷ್ಟು ಪೆಟ್ರೋಲ್ ಸುರಿಯುತ್ತವೆ.

ಪ್ರಶ್ನೆ: ಚನ್ನರಾಯಪಟ್ಟಣದಿಂದ ವಾಪಸ್ ಬರುವಾಗ ಬಿಸಿಲಲ್ಲಿ ಎಂಜಿನ್ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ. ಸೆಲ್ಫ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಸರಿಯಿರುತ್ತದೆ.
ಓದುಗರು, ಹಾಸನ

ಉತ್ತರ: ಬಿಸಿಗೆ ನಿಲ್ಲುವುದು, ತಣಿದರೆ ಏಳುವುದು ಎಂದರೆ ಮೊದಲು ನೋಡಬೇಕಾದ್ದು ಕ್ರ್ಯಾಂಕ್ ಸೆನ್ಸರ್. ಎಂಜಿನ್ ಎಲ್ಲಿ, ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಇಸಿಯುಗೆ ಹೇಳುವುದು ಇದೇ. ಈ ಸುದ್ದಿ ಬರದಿದ್ದರೆ ಎಂಜಿನ್ ನಿಂತಿದೆ ಎಂದುಕೊಂಡು ಇಸಿಯು ಕಿಡಿ, ಪೆಟ್ರೋಲ್ ಎರಡನ್ನೂ ನಿಲ್ಲಿಸುತ್ತದೆ. ಒಳಗಿನ ತಂತಿ ಸುರುಳಿಯಲ್ಲಿ ಸಣ್ಣ ಬಿರುಕಿದ್ದರೆ ಬಿಸಿಗೆ ಹಿಗ್ಗಿ ಸಂಪರ್ಕ ತಪ್ಪುತ್ತದೆ, ತಣ್ಣಗಾದರೆ ಮತ್ತೆ ಕೂಡುತ್ತದೆ. ಗ್ಯಾರೇಜು ತಲುಪುವ ಹೊತ್ತಿಗೆ ತಣಿದಿರುವುದರಿಂದ ಅಲ್ಲಿ ತಪ್ಪು ಸಿಗುವುದೇ ಇಲ್ಲ. ಆದ್ದರಿಂದ ಪರೀಕ್ಷೆ ರಸ್ತೆ ಬದಿಯಲ್ಲೇ, ಗಾಡಿ ನಿಂತ ಆ ಐದು ನಿಮಿಷದಲ್ಲೇ ಆಗಬೇಕು.

ನಿಂತಾಗ ಸೆಲ್ಫ್ ಹೊಡೆಯುತ್ತ ಆರ್‌ಪಿಎಂ ಮುಳ್ಳನ್ನು ನೋಡಿ. ಸಾಮಾನ್ಯವಾಗಿ ಅದು 200ರ ಆಸುಪಾಸು ಅಲ್ಲಾಡುತ್ತದೆ. ಸೊನ್ನೆಯಿಂದ ಕದಲದಿದ್ದರೆ ಸೆನ್ಸರಿನ ಮೇಲೆ ಅನುಮಾನ ಬಲವಾಗುತ್ತದೆ. ಕೆಲವು ಮಾದರಿಗಳಲ್ಲಿ ಸೆಲ್ಫ್ ಹೊಡೆಯುವಾಗ ಮುಳ್ಳು ಏಳುವುದೇ ಇಲ್ಲ, ಅದಕ್ಕೆ ಗಾಡಿ ಸರಿಯಿರುವಾಗ ಹೇಗಿರುತ್ತದೆ ಎಂದು ಇವತ್ತೇ ನೋಡಿಟ್ಟುಕೊಳ್ಳಿ. ಇಸಿಯು ದಾಖಲಿಸಿದ ದೋಷದ ಕೋಡ್ ಓದುವ, ಮೊಬೈಲಿಗೆ ಜೋಡಿಸುವ ಬ್ಲೂಟೂತ್ ಒಬಿಡಿ ಅಡಾಪ್ಟರ್ ಇದ್ದರೆ ಇನ್ನೂ ಖಚಿತ: ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಸೊನ್ನೆ ತೋರಿಸುತ್ತದೆಯೇ ನೋಡಿ, ಕೋಡ್ ಓದಿಸಿ. ಪಿ 0335 ಬಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್, ಪಿ 0340 ಬಂದರೆ ಕ್ಯಾಮ್ ಸೆನ್ಸರ್. ಕೋಡ್ ಬಂದದ್ದು ಸರ್ಕ್ಯೂಟಿಗೆ ಎಂಬುದು ನೆನಪಿರಲಿ, ಅದರಲ್ಲಿ ವೈರೂ ಕನೆಕ್ಟರೂ ಸೇರಿವೆ.

ಸೆನ್ಸರ್ ಇರುವುದು ಗೇರ್‌ಬಾಕ್ಸ್ ಕೂಡುವ ಕಡೆ ಅಥವಾ ಕ್ರ್ಯಾಂಕ್ ಪುಲ್ಲಿಯ ಹತ್ತಿರ, ಹೆಚ್ಚಾಗಿ 10ರ ಸ್ಪ್ಯಾನರಿಗೆ ಬರುವ ಒಂದೇ ಬೋಲ್ಟು. ಬಿಚ್ಚಿ ತುದಿ ನೋಡಿ, ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಮೆತ್ತಿಕೊಂಡಿದ್ದರೆ ಒರೆಸಿ ಹಾಕಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಎರಡು ವೈರಿನ ಸೆನ್ಸರಾದರೆ ಬಿಸಿಯಲ್ಲೊಮ್ಮೆ, ತಣ್ಣಗಾದಾಗ ಒಮ್ಮೆ ಓಮ್ಸ್ ಅಳೆಯಿರಿ. ತಣ್ಣಗೆ ನೂರಾರು ಓಮ್ಸ್ ಇದ್ದದ್ದು ಬಿಸಿಗೆ ಅನಂತವಾದರೆ ತೀರ್ಮಾನವಾಯಿತು. ಮೂರು ವೈರಿನದು ಹೆಚ್ಚಾಗಿ ಹಾಲ್ ಸೆನ್ಸರ್ ಎಂಬ ಬೇರೆ ಬಗೆ, ಅದರಲ್ಲಿ ಓಮ್ಸ್ ಅಳೆದು ಫಲವಿಲ್ಲ. ಅದಕ್ಕೆ ಕರೆಂಟ್ ಬರುತ್ತಿದೆಯೇ, ಅರ್ಥ್ ಇದೆಯೇ ನೋಡಿ, ಸಿಗ್ನಲ್ಲನ್ನು ಸ್ಕ್ಯಾನರಿನಲ್ಲಿ ಪರೀಕ್ಷಿಸಬೇಕು.

ಮುಳ್ಳು ಅಲ್ಲಾಡುತ್ತಿದ್ದೂ ಸ್ಟಾರ್ಟ್ ಆಗದಿದ್ದರೆ ಆ ಹೊತ್ತಿನಲ್ಲೇ ಪಂಪಿನ ಸದ್ದು ಕೇಳಿ. ಬಿಸಿಗೆ ನಿಲ್ಲುವ ಪಂಪೂ ಉಂಟು, ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದಾಗ ಇದು ಹೆಚ್ಚು, ಏಕೆಂದರೆ ಪಂಪನ್ನು ತಂಪಾಗಿಡುವುದು ಅದರ ಸುತ್ತಲಿನ ಪೆಟ್ರೋಲೇ.

ಪ್ರಶ್ನೆ: ಡೀಸೆಲ್ ಖಾಲಿಯಾಗಿ ಜೀಪು ತೋಟದ ಏರಿನಲ್ಲಿ ನಿಂತಿತು. ಹತ್ತು ಲೀಟರ್ ತಂದು ಹಾಕಿದರೂ ಸ್ಟಾರ್ಟ್ ಆಗುತ್ತಿಲ್ಲ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿಯೂ ಸೋತಿದೆ.
ಓದುಗರು, ಸಕಲೇಶಪುರ

ಉತ್ತರ: ಲೈನಿನಲ್ಲಿ ಏರ್ ಹಿಡಿದಿದೆ. ಡೀಸೆಲ್ ಪಂಪ್ ದ್ರವವನ್ನು ಒತ್ತಬಲ್ಲದು, ಗಾಳಿ ಸಿಕ್ಕರೆ ಅದು ಸ್ಪಂಜಿನಂತೆ ಕುಗ್ಗುತ್ತದೆ, ಒತ್ತಡ ಏಳುವುದಿಲ್ಲ. ಮೊದಲು ಗಾಡಿಯನ್ನು ಮಟ್ಟಸ ಜಾಗಕ್ಕೆ ತನ್ನಿ. ಏರಿನಲ್ಲಿ ಹತ್ತು ಲೀಟರ್ ಟ್ಯಾಂಕಿನ ಒಂದು ಮೂಲೆಗೆ ಸರಿದು, ಹೀರುವ ಪೈಪು ಬರಿದಾಗಿಯೇ ಇರಬಹುದು.

ಡೀಸೆಲ್ ಫಿಲ್ಟರ್ ಬಳಿ ಕೈಯಲ್ಲಿ ಒತ್ತುವ ಪ್ರೈಮರ್ ಇರುತ್ತದೆ. ಫಿಲ್ಟರಿನ ಮೇಲಿನ ಏರ್ ಸ್ಕ್ರೂವನ್ನು ಒಂದು ಸುತ್ತು ಸಡಿಲಿಸಿ, ಪ್ರೈಮರ್ ಒತ್ತುತ್ತಾ ಹೋಗಿ. ಮೊದಲು ಗುಳ್ಳೆ, ಆಮೇಲೆ ನೊರೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್ ಬರುತ್ತದೆ. ಆಗ ಸ್ಕ್ರೂ ಬಿಗಿಮಾಡಿ, ಪ್ರೈಮರ್ ಕಲ್ಲಿನಂತೆ ಗಟ್ಟಿಯಾಗುವವರೆಗೆ ಒತ್ತಿ. ಐವತ್ತು ಸಲ ಬೇಕಾಗಬಹುದು. ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಟ್ಯಾಂಕಿನಿಂದ ಫಿಲ್ಟರಿನವರೆಗೆ ಎಲ್ಲೋ ಹೋಸ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿದೆ.

ಮುಂದಿನ ಹಂತ ನಿಮ್ಮದು ಹಳೆಯ ಮೆಕ್ಯಾನಿಕಲ್ ಪಂಪಿನ ಜೀಪೋ, ಎಲ್ಲ ಇಂಜೆಕ್ಟರುಗಳಿಗೂ ಒಂದೇ ಹೈ ಪ್ರೆಷರ್ ಕೊಳವೆಯಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಗಾಡಿಯೋ ಎಂಬುದರ ಮೇಲೆ ನಿಂತಿದೆ. ಹಳೆಯದಾದರೆ ಇಂಜೆಕ್ಟರ್ ಪೈಪಿನ ನಟ್‌ಗಳನ್ನು ಸ್ವಲ್ಪ ಸಡಿಲಿಸಿ, ಕೈ ಮುಖ ದೂರವಿಟ್ಟು, ಸೆಲ್ಫ್ ಹೊಡೆಸಿ. ಡೀಸೆಲ್ ಚಿಮ್ಮತೊಡಗಿದಾಗ ಒಂದೊಂದಾಗಿ ಬಿಗಿಮಾಡಿ. ಎಷ್ಟು ಹೊಡೆದರೂ ಚಿಮ್ಮದಿದ್ದರೆ ಪಂಪಿನ ಮೇಲಿನ ಸ್ಟಾಪ್ ಸಾಲಿನಾಯ್ಡ್, ಅಂದರೆ ಡೀಸೆಲ್ ತಡೆದು ಬಿಡುವ ವಿದ್ಯುತ್ ಕವಾಟ ನೋಡಿ, ಕೀ ಆನ್ ಮಾಡಿದಾಗ ಅದು ‘ಟಿಕ್’ ಎನ್ನಬೇಕು. ಕಾಮನ್ ರೈಲ್ ಆದರೆ ಹೈ ಪ್ರೆಷರ್ ಪೈಪಿಗೆ ಸ್ಪ್ಯಾನರ್ ಹಾಕಲೇಬೇಡಿ, ಬೇರೆಯವರಿಗೂ ಬಿಡಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಧಾರೆ ಚರ್ಮ ತೂರಿ ಒಳಹೋದರೆ ಕೈ ಕಳೆದುಕೊಳ್ಳಬೇಕಾದೀತು. ಪ್ರೈಮ್ ಮಾಡಿ, ಹತ್ತು ಸೆಕೆಂಡು ಸೆಲ್ಫ್, ಒಂದು ನಿಮಿಷ ವಿರಾಮ, ಹೀಗೆ ಐದಾರು ಸಲ. ಬ್ಯಾಟರಿ ಸೋತಿದ್ದರೆ ಮೊದಲು ಚಾರ್ಜ್ ಮಾಡಿಸಿ. ಕಾಮನ್ ರೈಲ್ ಎಂಜಿನ್ ಸ್ಟಾರ್ಟ್ ಆಗಲು ರೈಲಿನಲ್ಲಿ ಸುಮಾರು 200ರಿಂದ 250 ಬಾರ್ ಆದರೂ ಏಳಬೇಕು, ಸೆಲ್ಫ್ ನಿಧಾನವಾದರೆ ಅದು ಏಳುವುದೇ ಇಲ್ಲ. ಸ್ಕ್ಯಾನರಿನಲ್ಲಿ ಈ ಅಂಕಿ ನೋಡಬಹುದು. ಸೆಲ್ಫ್ ಚುರುಕಾಗಿದ್ದೂ ಏಳದಿದ್ದರೆ ಇಂಜೆಕ್ಟರುಗಳ ರಿಟರ್ನ್ ಪೈಪಿಗೆ ಒಂದೊಂದು ಬಾಟಲಿ ಕಟ್ಟಿ, ಯಾವುದರಲ್ಲಿ ಡೀಸೆಲ್ ಬೇಗ ತುಂಬುತ್ತದೆ ನೋಡಿಸಿ. ಸೋರುವುದು ಅದೇ.

ಇದೇ ಸಮಯದಲ್ಲಿ ಫಿಲ್ಟರ್ ತಳದ ಸ್ಕ್ರೂ ತೆಗೆದು ನೀರು ಹರಿಸಿಬಿಡಿ. ಡ್ರಮ್ಮಿನಲ್ಲಿ ಡೀಸೆಲ್ ಇಟ್ಟು ಬಳಸುವ ತೋಟಗಳಲ್ಲಿ ನೀರು ಸೇರದೇ ಇರುವುದು ಅಪರೂಪ.

ಡೀಸೆಲ್ ಗಾಡಿಯವರಿಗೆಲ್ಲ ಒಂದು ಸುಲಭ ಗುರುತು: ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ನೋಡಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಬಿಳಿ ಹೊಗೆ ದಟ್ಟವಾಗಿ ಬರುತ್ತಿದ್ದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಡಿಸೆಂಬರ್, ಜನವರಿ ಬೆಳಗಿನಲ್ಲಿ ಮಾತ್ರ ಹೀಗಾದರೆ ಚಳಿಯಲ್ಲಿ ಸಿಲಿಂಡರಿನೊಳಗೆ ಬಿಸಿ ಕೊಡುವ ಹೀಟರ್ ಪ್ಲಗ್ ಹೋಗಿದೆ. ಅದರ ತಲೆಯ ವೈರ್ ಬಿಚ್ಚಿ ಪ್ಲಗ್ ತುದಿಗೂ ಎಂಜಿನ್‌ಗೂ ಓಮ್ಸ್ ಅಳೆಯಿರಿ. ಒಂದು ಓಮ್ ಆಸುಪಾಸು ಬಂದರೆ ಸರಿ, ಅನಂತ ಬಂದರೆ ಸುಟ್ಟಿದೆ. ಸ್ಟಾರ್ಟಿಂಗ್ ಸ್ಪ್ರೇ ಹೊಡೆದು ಎಬ್ಬಿಸುವವರು ಬಂದರೆ ತಡೆಯಿರಿ. ಹೀಟರ್ ಪ್ಲಗ್ ಕೆಂಪಗೆ ಕಾದಿರುವಾಗ ಆ ಸ್ಪ್ರೇ ಇನ್‌ಟೇಕ್‌ನಲ್ಲೇ ಸಿಡಿಯುತ್ತದೆ, ಪಿಸ್ಟನ್ನೂ ಒಡೆಯಬಹುದು.

ಪ್ರಶ್ನೆ: ಓಡುತ್ತಿದ್ದ ಹಳೆಯ ಕಾರು ‘ಟಪ್’ ಎಂದು ಆಫ್ ಆಯಿತು. ಈಗ ಸೆಲ್ಫ್ ಹಿಂದೆಂದಿಗಿಂತ ಸಲೀಸಾಗಿ, ಜೋರಾಗಿ ತಿರುಗುತ್ತದೆ. ಒಳ್ಳೆಯ ಲಕ್ಷಣವೇ?
ಓದುಗರು, ಬೇಲೂರು

ಉತ್ತರ: ಅಲ್ಲ. ಇನ್ನು ಒಂದು ಸಲವೂ ಸೆಲ್ಫ್ ಹೊಡೆಯಬೇಡಿ. ಸರಿಯಿರುವ ಎಂಜಿನ್ ತಿರುಗುವಾಗ ‘ಗರ್ರ್... ಗರ್ರ್... ಗರ್ರ್’ ಎಂದು ತಾಳ ಇರುತ್ತದೆ, ಪ್ರತಿ ಕಂಪ್ರೆಷನ್ನಿಗೂ ಸೆಲ್ಫ್ ಒಂದಿಷ್ಟು ತಿಣುಕುತ್ತದೆ. ತಾಳವಿಲ್ಲದೆ ಮಿಕ್ಸಿಯಂತೆ ಒಂದೇ ಸಮ ತಿರುಗಿದರೆ ಒಳಗೆ ಕಂಪ್ರೆಷನ್ ಇಲ್ಲ. ಬಹುತೇಕ, ವಾಲ್ವ್‌ಗಳು ಪಿಸ್ಟನ್ನಿನ ತಾಳಕ್ಕೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಟೈಮಿಂಗ್ ಬೆಲ್ಟ್ ಹರಿದಿದೆ. ಮಾರುತಿ 800, ಹಳೆಯ ಝೆನ್, ಎಸ್ಟೀಮ್‌ಗಳಲ್ಲಿ ಇರುವುದು ಬೆಲ್ಟೇ.

ಬೆಲ್ಟಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳದ ಎರಡು ಮೂರು ಬೋಲ್ಟು ಬಿಚ್ಚಿದರೆ ಹರಿದದ್ದು, ಹಲ್ಲು ಉದುರಿದ್ದು ಕಣ್ಣಿಗೇ ಕಾಣುತ್ತದೆ. ಹಲವು ಎಂಜಿನ್‌ಗಳಲ್ಲಿ ಬೆಲ್ಟ್ ಹರಿದಾಗ ತೆರೆದು ನಿಂತ ವಾಲ್ವಿಗೆ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತದೆ. ಹಾಗಾಗಿ ಹೊಸ ಬೆಲ್ಟ್ ಹಾಕಿದ ಮೇಲೆ ಮೊದಲು ಪುಲ್ಲಿಯನ್ನು ಸ್ಪ್ಯಾನರಿನಿಂದ ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡಿಸಿ. ಎಲ್ಲೂ ತಡೆಯದಿದ್ದರೆ ಕಂಪ್ರೆಷನ್ ಅಳೆಸಿ. ಪೆಟ್ರೋಲ್ ಎಂಜಿನ್‌ಗೆ 10ರಿಂದ 14 ಬಾರ್ ಸಾಮಾನ್ಯ. ಒಂದು ಸಿಲಿಂಡರ್ ಮಾತ್ರ ಕಡಿಮೆ ತೋರಿಸಿದರೆ ಪ್ಲಗ್ ಗುಂಡಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ಅನುಮಾನ ವಾಲ್ವಿನ ಮೇಲೆ. ಹೆಡ್ ಇಳಿಸಬೇಕೇ ಬೇಡವೇ ಎಂಬ ತೀರ್ಮಾನ ಈ ಅಳತೆಯ ಮೇಲೆ ಆಗಲಿ.

ಪ್ರಶ್ನೆ: ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯುತ್ತಿದ್ದಾಗ ದಾಟಲು ಹೋಗಿ ಕಾರು ಆಫ್ ಆಯಿತು. ಹೊರಗೆ ಎಳೆಸಿದ್ದೇವೆ. ಸ್ಟಾರ್ಟ್ ಮಾಡಿ ನೋಡಬಹುದೇ?
ಓದುಗರು, ಕಳಸ

ಉತ್ತರ: ಬೇಡ. ನೀರನ್ನು ಪಿಸ್ಟನ್ ಒತ್ತಿ ಕುಗ್ಗಿಸಲಾರದು, ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಏರ್ ಫಿಲ್ಟರ್ ತೆಗೆದು ನೋಡಿ. ಒದ್ದೆಯಿದ್ದರೆ ಪ್ಲಗ್‌ಗಳನ್ನೆಲ್ಲ, ಡೀಸೆಲ್ ಆದರೆ ಇಂಜೆಕ್ಟರ್ ಅಥವಾ ಹೀಟರ್ ಪ್ಲಗ್‌ಗಳನ್ನು ಬಿಚ್ಚಿಸಿದ ಮೇಲೆಯೇ ಎಂಜಿನ್ ತಿರುಗಿಸಬೇಕು. ನೀರು ಆ ಗುಂಡಿಗಳಿಂದ ಚಿಮ್ಮಿ ಹೊರಬರಲಿ. ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸದೆ ಸ್ಟಾರ್ಟ್ ಮಾಡಬಾರದು. ನೀರು ಹರಿಯುವ ಸೇತುವೆಗೆ ಮತ್ತೆ ಕಾರು ಇಳಿಸಬೇಡಿ ಎಂದು ಕೈಮುಗಿದು ಕೇಳುತ್ತೇವೆ. ಎಂಜಿನ್ ರಿಪೇರಿಯಾಗುತ್ತದೆ, ಜೀವ ಹೋದರೆ ಬರುವುದಿಲ್ಲ.

ಪ್ರಶ್ನೆ: ಮುಳ್ಳಯ್ಯನಗಿರಿ ಮೇಲೆ ನಿಲ್ಲಿಸಿದ್ದ ಕಾರು ವಾಪಸ್ ಹೊರಡುವಾಗ ಸ್ಟಾರ್ಟ್ ಆಗಲಿಲ್ಲ. ಎತ್ತರದಲ್ಲಿ ಗಾಳಿ ತೆಳುವಾದ್ದರಿಂದ ಹೀಗಾಗುತ್ತದೆ ಎಂದರು, ನಿಜವೇ?
ಓದುಗರು, ಚಿಕ್ಕಮಗಳೂರು

ಉತ್ತರ: ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಸಮುದ್ರಮಟ್ಟಕ್ಕಿಂತ ಅಲ್ಲಿ ಗಾಳಿಯ ಒತ್ತಡ ಐದನೇ ಒಂದು ಪಾಲು ಕಡಿಮೆ. ಎಳೆತ ಕಡಿಮೆಯಾಗುತ್ತದೆ ನಿಜ, ಸ್ಟಾರ್ಟ್ ಆಗದಿರಲು ಅದು ಕಾರಣವಲ್ಲ. ಎಂಪಿಎಫ್ಐ ಕಾರಿನ ಸೆನ್ಸರ್ ಗಾಳಿಯನ್ನು ಅಳೆದು ಪೆಟ್ರೋಲನ್ನೂ ಅಷ್ಟೇ ಇಳಿಸುತ್ತದೆ. ಕಾರ್ಬ್ಯುರೇಟರ್ ಇದ್ದ ಹಳೆಯ ಗಾಡಿಗಳಲ್ಲಿ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ನೆನೆಯುವುದಿತ್ತು, ಆ ಮಾತು ಅಲ್ಲಿಂದ ಉಳಿದುಕೊಂಡದ್ದು. ನಿಮ್ಮ ಗಾಡಿಯಲ್ಲಿ ಪೆಟ್ರೋಲ್ ರಿಸರ್ವ್‌ಗೆ ಬಂದಿದ್ದು, ಇಳಿಜಾರಿನಲ್ಲಿ ಒಂದು ಕಡೆಗೆ ವಾಲಿ ನಿಂತಿದ್ದರೆ ಪಂಪಿಗೆ ಪೆಟ್ರೋಲ್ ಸಿಕ್ಕಿರುವುದಿಲ್ಲ. ನ್ಯೂಟ್ರಲ್‌ನಲ್ಲಿ ಉರುಳಿಸಿ ನೋಡುವ ಸಾಹಸ ಆ ರಸ್ತೆಯಲ್ಲಿ ಬೇಡವೇ ಬೇಡ, ಎಂಜಿನ್ ಆಫ್ ಇದ್ದರೆ ಬ್ರೇಕಿಗೂ ಸ್ಟೇರಿಂಗಿಗೂ ಬಲ ಸಿಗುವುದಿಲ್ಲ. ಐದು ಲೀಟರ್ ತರಿಸಿ ಹಾಕಿ, ಮೂರು ನಾಲ್ಕು ಸಲ ಕೀ ಆನ್ ಆಫ್ ಮಾಡಿ ಪಂಪ್ ಓಡಿಸಿ, ಆಮೇಲೆ ಸೆಲ್ಫ್ ಹೊಡೆಯಿರಿ.

ಪ್ರಶ್ನೆ: ಡೂಪ್ಲಿಕೇಟ್ ಕೀ ಮಾಡಿಸಿದೆ. ಬಾಗಿಲು ತೆರೆಯುತ್ತದೆ, ಸೆಲ್ಫ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಹಳೆಯ ಕೀಯಲ್ಲಿ ಸರಿಯಿದೆ.
ಓದುಗರು, ಅರಸೀಕೆರೆ

ಉತ್ತರ: ಹಲ್ಲು ಕೊರೆದರೆ ಸಾಲದು, ಕೀ ತಲೆಯೊಳಗೆ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಚಿಪ್ ಬೇಕು, ಅದನ್ನು ಇಸಿಯುಗೆ ಪರಿಚಯಿಸಲೂ ಬೇಕು. ಚಿಪ್ ಒಪ್ಪದಿದ್ದರೆ ಕೆಲವು ಕಾರು ಸೆಲ್ಫನ್ನೇ ಬಿಡುವುದಿಲ್ಲ, ಕೆಲವು ಸೆಲ್ಫ್ ಬಿಟ್ಟು ಇಂಜೆಕ್ಟರ್ ತಡೆಯುತ್ತವೆ. ಮೀಟರ್ ಬೋರ್ಡಿನಲ್ಲಿ ಕೀ ಅಥವಾ ಬೀಗದ ಚಿತ್ರ ಮಿನುಗುತ್ತಿದ್ದರೆ ಇದೇ ಕಾರಣ. ಹಳೆಯ ಕೀಯಲ್ಲೂ ಒಮ್ಮೊಮ್ಮೆ ಮಿನುಗಿದರೆ ಗೊಂಚಲಿನಿಂದ ಬೇರೆ ಚಿಪ್ ಕೀ, ಲೋಹದ ಬಿಲ್ಲೆ ತೆಗೆದು ನೋಡಿ.

ಪ್ರಶ್ನೆ: ಹೊಂಡಕ್ಕೆ ಇಳಿದು ‘ದಢ್’ ಎಂದ ಮೇಲೆ ಗಾಡಿ ನಿಂತುಹೋಯಿತು. ತಳ್ಳಿ ಸ್ಟಾರ್ಟ್ ಮಾಡಿ ಎನ್ನುತ್ತಾರೆ. ಮಾಡಬಹುದೇ?
ಓದುಗರು, ಆಲೂರು

ಉತ್ತರ: ಸೆಲ್ಫ್ ಚೆನ್ನಾಗಿ ತಿರುಗುತ್ತಿದ್ದರೆ ತಳ್ಳಿ ಪ್ರಯೋಜನವಿಲ್ಲ. ತಳ್ಳಿದಾಗ ಆಗುವುದೂ ಎಂಜಿನ್ ತಿರುಗುವುದಷ್ಟೆ, ಅದನ್ನು ಸೆಲ್ಫ್ ಆಗಲೇ ಮಾಡುತ್ತಿದೆ. ಮೇಲಾಗಿ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಸೇರಿ, ಎಂಜಿನ್ ಎದ್ದಾಗ ಅಲ್ಲಿ ಹೊತ್ತಿ ಅದನ್ನು ಕರಗಿಸುತ್ತದೆ. ಹೊಂಡದ ಪೆಟ್ಟಿನ ನಂತರ ನಿಂತದ್ದರಿಂದ ಇನರ್ಷಿಯಾ ಸ್ವಿಚ್ ಹುಡುಕಿ. ಅಪಘಾತವಾದಾಗ ಪೆಟ್ರೋಲ್ ಪಂಪ್ ನಿಲ್ಲಿಸಲು ಫೋರ್ಡ್, ಫಿಯಟ್ ಕಂಪನಿಗಳ ಹಲವು ಕಾರುಗಳಲ್ಲಿ ಇದನ್ನು ಇಟ್ಟಿರುತ್ತಾರೆ, ಜೋರು ಪೆಟ್ಟಿಗೆ ಹೊಂಡದಲ್ಲೂ ಜಾರುತ್ತದೆ. ಇರುವ ಜಾಗ ಕೈಪಿಡಿಯಲ್ಲಿ ಬರೆದಿರುತ್ತದೆ, ಸಾಮಾನ್ಯವಾಗಿ ಕಾಲಿಡುವ ಜಾಗದ ಪಕ್ಕದ ಪ್ಯಾನೆಲ್ ಹಿಂದೆ ಅಥವಾ ಸೀಟಿನ ಕೆಳಗೆ. ಮೊದಲು ಗಾಡಿಯ ಕೆಳಗೆ ಬಗ್ಗಿ ಪೆಟ್ರೋಲ್ ಸೋರುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಕೀ ಆಫ್ ಮಾಡಿ, ಸ್ವಿಚ್ಚಿನ ತಲೆಯ ಗುಂಡಿಯನ್ನು ‘ಟಕ್’ ಎನ್ನುವವರೆಗೆ ಒತ್ತಿ, ಕೀ ಆನ್ ಮಾಡಿ. ಪಂಪ್ ಗುಂಯ್‌ಗುಟ್ಟಿದರೆ ಎರಡು ಸೆಕೆಂಡು ಕಾದು ಸೆಲ್ಫ್ ಹೊಡೆಯಿರಿ. ನಿಮ್ಮ ಕಾರಿನಲ್ಲಿ ಆ ಸ್ವಿಚ್ ಇಲ್ಲದಿದ್ದರೆ, ಅಥವಾ ಒತ್ತಿದ ಮೇಲೂ ಪಂಪ್ ಮೌನವಾಗಿದ್ದರೆ, ಮೂಡಿಗೆರೆಯವರಿಗೆ ಹೇಳಿದಂತೆ ಫ್ಯೂಸಿನಿಂದ ಶುರುಮಾಡಿ. ಆಮೇಲೆ ಗಾಡಿ ಎತ್ತಿಸಿ, ತಳದಲ್ಲಿ ಪಂಪಿಗೆ ಹೋಗುವ ವೈರು ಕಲ್ಲಿಗೆ ಸಿಕ್ಕಿ ಜಜ್ಜಿದೆಯೇ ನೋಡಿಸಿ.